ಮೊಟ್ಟೆ ಚಿಪ್ಪಿನ ಸುಣ್ಣದಿಂದ ಬಯೋಡೀಸೆಲ್: ಎಲ್ಲಿ ಕೆಡುತ್ತದೆ, ಹೇಗೆ ಪತ್ತೆಹಚ್ಚುವುದು

ಉಡುಪಿ ಹೋಟೆಲಿನ ಬಾಣಲೆಯಿಂದ ಇಳಿಸಿದ ಕರಿದ ಎಣ್ಣೆ, ಪಕ್ಕದ ಭುರ್ಜಿ-ಪಾವ್ ಗಾಡಿಯ ಮೊಟ್ಟೆ ಚಿಪ್ಪು. ಮುಂಬೈಯಲ್ಲಿ ಇವೆರಡಕ್ಕೂ ಬರವಿಲ್ಲ, ಪುಣೆಯಲ್ಲೂ ಅಷ್ಟೇ. ಗೋವೆಯಲ್ಲಾದರೆ ಚಿಪ್ಪಿಗೆ ತಿಸ್ರ್ಯೊ ಇದೆ. ನಮ್ಮ ಕರಾವಳಿಯವರು ಮರುವಾಯಿ ಎನ್ನುವ ಜಾತಿಯದು. ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ, ಅದನ್ನು ವೇಗವರ್ಧಕವಾಗಿ ಹಾಕಿ, ಎಣ್ಣೆಗೆ ಮೆಥನಾಲ್ ಸೇರಿಸಿ ಕಾಯಿಸಿದರೆ ಮೇಲೆ ಬಯೋಡೀಸೆಲ್, ಕೆಳಗೆ ಗ್ಲಿಸರಿನ್. ಕಾಸ್ಟಿಕ್ ಸೋಡಾದಲ್ಲಿ ಒಂದು ಗಂಟೆಗೆ ಮುಗಿಯುವ ಕೆಲಸ ಸುಣ್ಣದಲ್ಲಿ ಎರಡು ಮೂರು ಗಂಟೆ ಹಿಡಿಯುತ್ತದೆ. ಆದರೆ ಸುಣ್ಣ ಬಹುಪಾಲು ಕರಗದೆ ತಳದಲ್ಲಿ ಉಳಿಯುವುದರಿಂದ ಸೋಸಿ ತೆಗೆದು ಮತ್ತೆ ಬಳಸಬಹುದು, ತೊಳೆಯಲು ನೀರೂ ಕಡಿಮೆ ಸಾಕು.

ಬ್ಯಾಚ್ ಕೆಟ್ಟಾಗ ಮೊದಲು ಬೈಸಿಕೊಳ್ಳುವುದು ಹೀಟರ್, ಆಮೇಲೆ ಕಲಕುವ ಮೋಟಾರು. ತಪ್ಪು ಹೆಚ್ಚಿನ ಸಲ ಅದಕ್ಕೂ ಮುಂಚೆಯೇ ಆಗಿರುತ್ತದೆ: ಫರ್ನೇಸಿನಿಂದ ಇಳಿದ ಪುಡಿ ಪಾತ್ರೆಗೆ ಬೀಳುವ ನಡುವಿನ ಗಂಟೆಗಳಲ್ಲಿ. ಮುಂಬೈಯ ಜುಲೈ ಗಾಳಿಯಲ್ಲಿ ಮುಚ್ಚಳ ತೆರೆದಿಟ್ಟ ಸುಟ್ಟ ಸುಣ್ಣ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಕುಡಿದು, ನೋಡಲು ಹಾಗೇ ಬಿಳಿಯಾಗಿ, ಕೆಲಸಕ್ಕೆ ಬಾರದಂತಾಗಿರುತ್ತದೆ. ಅದಕ್ಕೇ ಕೆಳಗಿನ ಲಕ್ಷಣಗಳಲ್ಲಿ ಯಾವುದೇ ಕಂಡರೂ ಮೊದಲು ಸುಣ್ಣದ ಡಬ್ಬಿ, ಎರಡನೆಯದು ಎಣ್ಣೆ, ಯಂತ್ರ ಕಡೆಗೆ.

ಹೋಲಿಸಿ ನೋಡಲು: ಸರಿಯಾದ ಬ್ಯಾಚಿನ ಲೆಕ್ಕ

20 ಲೀಟರ್ ಎಣ್ಣೆ ಸುಮಾರು 18.3 ಕೆ.ಜಿ. ತೂಗುತ್ತದೆ. ಅದಕ್ಕೆ ಸುಟ್ಟ ಸುಣ್ಣ ತೂಕದ ಶೇ. 4ರಷ್ಟು, ಅಂದರೆ 730 ಗ್ರಾಂ. ಮೆಥನಾಲ್ 7.8 ಲೀಟರ್, ಇದು ಎಣ್ಣೆಯ ಒಂದು ಅಣುವಿಗೆ ಮೆಥನಾಲಿನ 9 ಅಣುಗಳ ಲೆಕ್ಕ. ಎಣ್ಣೆ ಹಳತಾಗಿದ್ದರೆ 12ರ ಲೆಕ್ಕಕ್ಕೆ ಏರಿಸಿ, ಸುಮಾರು 10.3 ಲೀಟರ್. ಕಾವು 60ರಿಂದ 63 ಡಿಗ್ರಿ, ಹೊತ್ತು 3 ಗಂಟೆ. ಕೊನೆಗೆ ಗ್ಲಿಸರಿನ್ ಒಂದೂವರೆ ಲೀಟರಿಗಿಂತ ಕಡಿಮೆ ಬರಬಾರದು. ಮೆಥನಾಲ್ ಬೆರೆತಿರುವುದರಿಂದ ಎರಡು ಲೀಟರಿನ ಆಸುಪಾಸು ಕಾಣುತ್ತದೆ.

ಮೊಟ್ಟೆ ಚಿಪ್ಪಿನ ಶೇ. 94-95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದು ಚಿಪ್ಪು 5-6 ಗ್ರಾಂ. 730 ಗ್ರಾಂ ಸುಣ್ಣಕ್ಕೆ 1.35 ಕೆ.ಜಿ. ಒಣ ಚಿಪ್ಪು ಬೇಕು, ಅಂದರೆ ಹತ್ತಿರ ಹತ್ತಿರ 250 ಮೊಟ್ಟೆ.

ಯಾವ ತಪಾಸಣೆಯನ್ನೂ 20 ಲೀಟರಿನಲ್ಲಿ ಮಾಡಬೇಡಿ. 1 ಲೀಟರ್ ಎಣ್ಣೆ, 37 ಗ್ರಾಂ ಸುಣ್ಣ, 390 ಮಿ.ಲೀ. ಮೆಥನಾಲ್ ಇಟ್ಟು ಗಾಜಿನ ಫ್ಲಾಸ್ಕಿನಲ್ಲಿ ನೋಡಿ.

ಮುಂದೆ ಓದುವ ಮೊದಲು

ಮೆಥನಾಲ್ ವಿಷ. ಕುಡಿದರಷ್ಟೇ ಅಲ್ಲ, ಆವಿಯಾಗಿ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. 2015ರಲ್ಲಿ ಮಲಾಡಿನ ಮಾಲ್ವಣಿಯಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಮುಂಬೈಯವರಿಗೆ ನೆನಪಿರಬೇಕು. ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿ 15 ನಿಮಿಷ ನೀರಿನಲ್ಲಿ ತೊಳೆಯಿರಿ. ಬಾಯಿಗೆ ಹೋದರೆ, ಅಥವಾ ಆವಿ ಕುಡಿದ ಮೇಲೆ ತಲೆ ತಿರುಗಿ ದೃಷ್ಟಿ ಮಸುಕಾದರೆ ‘ನೋಡೋಣ’ ಎಂದು ಕಾಯದೆ ಆಸ್ಪತ್ರೆಗೆ ಓಡಿ, ಮೆಥನಾಲ್ ಎಂದು ಬಾಯಿಬಿಟ್ಟು ಹೇಳಿ. ಲಕ್ಷಣ ಕಾಣಿಸಲು 12ರಿಂದ 24 ಗಂಟೆ ಹಿಡಿಯುವುದುಂಟು. ಆರಾಮಾಗಿದ್ದೇನೆ ಅನ್ನಿಸುವುದೇ ಅಪಾಯ.

ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣದು. ಡ್ರಿಲ್ ಮೆಷಿನ್ ಕಟ್ಟಿ ಕಲಕುವುದು ಬೇಡ; ಒಳಗಿನ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ. ಫ್ಲೇಮ್‌ಪ್ರೂಫ್ ಮೋಟಾರು ಅಥವಾ ಗಾಳಿಯೊತ್ತಡದ ಮೋಟಾರು ಬಳಸಿ. ಫ್ಲ್ಯಾಟಿನ ಅಡುಗೆಮನೆ, ಬಾಲ್ಕನಿ, ಹೋಟೆಲಿನ ಹಿಂಬದಿ ಇವೆಲ್ಲ ಈ ಕೆಲಸಕ್ಕೆ ಜಾಗವೇ ಅಲ್ಲ. ಗಾಳಿಯಾಡುವ ಕೈಗಾರಿಕಾ ಗಾಳಾ (ವರ್ಕ್‌ಶಾಪಿನ ಮಳಿಗೆ) ಬೇಕು, ಮೆಥನಾಲ್ ಇಟ್ಟುಕೊಳ್ಳಲು ಪರವಾನಗಿ ಬೇಕು, ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಂತಿರಬೇಕು.

ಸುಟ್ಟ ಸುಣ್ಣದ ಪುಡಿ ಕಣ್ಣಿಗೆ ಹಾರಿದರೆ ಅಲ್ಲಿನ ತೇವದಲ್ಲೇ ಅರಳಿ ಸುಡುತ್ತದೆ. ಪಕ್ಕ ಮುಚ್ಚಿದ ಕನ್ನಡಕ ಹಾಕಿ. ಬಿಸಿ ಪುಡಿಯನ್ನು ಎಂದೂ ಮೆಥನಾಲಿಗೆ ಸುರಿಯಬೇಡಿ. ಫರ್ನೇಸಿನಿಂದ ಇಳಿದದ್ದು ಕೈಗೆ ತಣ್ಣಗೆ ತಗಲುವಷ್ಟಾಗಲಿ.

ಲಕ್ಷಣ: ಸುಟ್ಟ ಪುಡಿ ಬೂದು ಬಣ್ಣಕ್ಕಿದೆ, ಅಥವಾ ಬಿಳಿಯಾಗಿದ್ದರೂ ಕೆಲಸ ಮಾಡುತ್ತಿಲ್ಲ

ಬೂದು, ಕಪ್ಪು ಚುಕ್ಕೆ ಎಂದರೆ ಚಿಪ್ಪಿನೊಳಗಿನ ಪೊರೆ ಇದ್ದಿಲಾಗಿ ಉಳಿದಿದೆ. ಕಾವು ಸಾಲದು, ಇಲ್ಲವೇ ಫರ್ನೇಸಿನಲ್ಲಿ ಗಾಳಿಯಾಡಿಲ್ಲ. ತಟ್ಟೆಯಲ್ಲಿ ಪುಡಿಯನ್ನು ಒಂದು ಬೆರಳಿಗಿಂತ ದಪ್ಪ ಹರಡಿದರೆ ಮೇಲ್ಭಾಗ ಬಿಳಿಯಾಗಿ ತಳ ಬೂದಾಗಿಯೇ ಉಳಿಯುತ್ತದೆ. ಸುಡುವ ಮೊದಲು ಚಿಪ್ಪನ್ನು 15 ನಿಮಿಷ ಕುದಿಸಿ ಪೊರೆ ಉಜ್ಜಿ ತೆಗೆಯುವುದರಿಂದ ರೋಗಾಣುವೂ ಹೋಗುತ್ತದೆ, ಕೂದಲು ಸುಟ್ಟಂಥ ನಾತವೂ ಕಡಿಮೆ. ನೆರೆಯವರು ಜಗಳಕ್ಕೆ ಬರುವುದು ಆ ನಾತಕ್ಕೇ.

ಬಿಳಿ ಬಣ್ಣವೇ ಸಾಕ್ಷಿಯಲ್ಲ. ಸುಡದ ಚಿಪ್ಪೂ ಬಿಳಿ, ನೀರು ಕುಡಿದು ಅರಳಿದ ಸುಣ್ಣವೂ ಬಿಳಿ. ನಂಬಬೇಕಾದದ್ದು ತಕ್ಕಡಿಯನ್ನು. ಚೆನ್ನಾಗಿ ಒಣಗಿದ 100 ಗ್ರಾಂ ಚಿಪ್ಪು ಸುಟ್ಟಮೇಲೆ 53ರಿಂದ 55 ಗ್ರಾಂ ಉಳಿಯಬೇಕು. 60ಕ್ಕಿಂತ ಹೆಚ್ಚು ಉಳಿದರೆ ಒಳಗೆ ಕಾರ್ಬೊನೇಟ್ ಇನ್ನೂ ಇದೆ. ಮತ್ತೆ 850ರಿಂದ 900 ಡಿಗ್ರಿಯಲ್ಲಿ 2 ಗಂಟೆ ಇಡಿ. ಸೌದೆ ಒಲೆ, ಹೋಟೆಲಿನ ಭಟ್ಟಿ, ತಂದೂರು ಇವು ಈ ಕಾವನ್ನು ಗಂಟೆಗಟ್ಟಲೆ ಹಿಡಿದಿಡಲಾರವು. ಮಫಲ್ ಫರ್ನೇಸ್ (ಲ್ಯಾಬಿನ ಮುಚ್ಚಿದ ವಿದ್ಯುತ್ ಕುಲುಮೆ) ಅಥವಾ ಕುಂಬಾರಿಕೆಯ ವಿದ್ಯುತ್ ಗೂಡು ಬೇಕು.

ಎರಡನೆಯ ತಪಾಸಣೆಗೆ ಒಂದು ಸ್ಟೀಲ್ ಬಟ್ಟಲು ಸಾಕು. ಕನ್ನಡಕ ಹಾಕಿಕೊಂಡು, ಒಂದು ಚಮಚ ಪುಡಿಗೆ ಒಂದು ಚಮಚ ನೀರು ಬಿಟ್ಟು ಕೈ ಹಿಂದಕ್ಕೆ ತೆಗೆಯಿರಿ. ಒಳ್ಳೆಯ ಸುಣ್ಣವಾದರೆ ಮೊದಲು ನೀರನ್ನು ಹೀರಿ ಒಣಗಿದಂತೆ ಕಾಣುತ್ತದೆ. ನಿಮಿಷದೊಳಗೆ ಸುಂಯ್ ಎನ್ನುತ್ತದೆ, ಬಿರುಕು ಬಿಡುತ್ತದೆ, ಆವಿ ಏಳುತ್ತದೆ, ಪುಡಿ ಉಬ್ಬಿ ಮೈದಾ ಹಿಟ್ಟಿನಷ್ಟು ನಯವಾಗುತ್ತದೆ; ಬಟ್ಟಲು ಮುಟ್ಟಲಾಗದಷ್ಟು ಬಿಸಿ. ಹಳಬರು ಸುಣ್ಣ ಅರಳಿತು ಎನ್ನುತ್ತಿದ್ದದ್ದು ಇದಕ್ಕೆ. ಹತ್ತು ಹದಿನೈದು ನಿಮಿಷವಾದರೂ ಬರೀ ಬೆಚ್ಚಗಾದರೆ ಎರಡು ಅರ್ಥ: ಸುಣ್ಣ ಈಗಾಗಲೇ ಅರ್ಧ ಗಾಳಿ ಕುಡಿದಿದೆ, ಅಥವಾ 1000 ಡಿಗ್ರಿ ದಾಟಿ ಸುಟ್ಟು ಕಣಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಏನೂ ಆಗದೆ ಕೆಸರಾದರೆ ಅದು ಸುಡದ ಚಿಪ್ಪು, ಇಲ್ಲವೇ ಪೂರ್ತಿ ಅರಳಿ ಮುಗಿದದ್ದು. ಯಾವುದೆಂದು ತಿಳಿಯಲು ತಣ್ಣಗಾದ ಮೇಲೆ ಅದೇ ಬಟ್ಟಲಿಗೆ ವಿನೆಗರ್ ಹಾಕಿ. ಜೋರಾಗಿ ಗುಳ್ಳೆ ಬಂದರೆ ಕಾರ್ಬೊನೇಟ್. ಬಾರದಿದ್ದರೆ ಅರಳಿದ ಸುಣ್ಣ.

ಎಲೆಅಡಿಕೆಯ ಸುಣ್ಣ ತಂದು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಅದು ಅರಳಿಸಿ ನೀರಲ್ಲಿಟ್ಟದ್ದು. ಈ ಕೆಲಸಕ್ಕೆ ನೀರನ್ನೇ ಸುರಿದಂತೆ.

ಇಟ್ಟ ಪುಡಿ ಕೆಟ್ಟಿದೆಯೇ ಎಂದು ತಿಳಿಯಲು ಸುಲಭದ ಉಪಾಯ ಡಬ್ಬಿಯ ಮೇಲೆ ತೂಕ ಬರೆದಿಡುವುದು. 100 ಗ್ರಾಂ ಪುಡಿ ನಾಲ್ಕು ದಿನ ಬಿಟ್ಟು 110 ಗ್ರಾಂ ತೂಗಿತೆನ್ನಿ. ಆ 10 ಗ್ರಾಂ ನೀರೇ ಆಗಿದ್ದರೆ 31 ಗ್ರಾಂ ಸುಣ್ಣ ಅರಳಿಹೋಗಿದೆ, ಹೆಚ್ಚುಕಡಿಮೆ ಮೂರನೇ ಒಂದು ಪಾಲು. ಪೂರ್ತಿ ಅರಳಿದರೆ 132 ಗ್ರಾಂ ಆಗುತ್ತದೆ. ಉಪಾಯ ಮತ್ತೆ ಸುಡುವುದೇ. ಬರೀ ತೇವವಾಗಿದ್ದರೆ 600 ಡಿಗ್ರಿ ಸಾಕಾಗುತ್ತಿತ್ತು; ಆದರೆ ಇಂಗಾಲದ ಡೈಆಕ್ಸೈಡೂ ಸೇರಿರುವುದರಿಂದ 850ಕ್ಕೆ ಏರಿಸುವುದು ಕ್ಷೇಮ. ಮಳೆಗಾಲದಲ್ಲಿ ಬ್ಯಾಚಿನ ದಿನವೇ ಸುಟ್ಟು, 200 ಡಿಗ್ರಿಗೆ ಇಳಿದಾಗಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಯೊಳಗೇ ತಣ್ಣಗಾಗಲು ಬಿಡಿ. ಪ್ಲಾಸ್ಟಿಕ್ ಡಬ್ಬಿ ಕರಗುತ್ತದೆ, ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ.

ತಿಸ್ರ್ಯೊ ಚಿಪ್ಪು ಗಟ್ಟಿ, ಪುಡಿ ಮಾಡುವುದು ಕಷ್ಟ, ಮೇಲೆ ಸಮುದ್ರದ ಉಪ್ಪು. ಎರಡು ಮೂರು ನೀರಲ್ಲಿ ರಾತ್ರಿಯಿಡೀ ನೆನೆಸಿ ಉಪ್ಪು ಬಿಡಿಸದೆ ಸುಟ್ಟರೆ ಅದು ಫರ್ನೇಸಿನ ತಂತಿಗೂ ಕೇಡು. ಕಸಾಯಿಖಾನೆಯ ಮೂಳೆ ತರುವವರಿಗೆ ಒಂದು ಮಾತು: ಮೂಳೆಯ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಎಷ್ಟು ಸುಟ್ಟರೂ ಅದು ಸುಣ್ಣದಂತೆ ಅರಳುವುದಿಲ್ಲ, ಬಟ್ಟಲಿನ ಪರೀಕ್ಷೆಗೆ ಅದು ನಿಲ್ಲದು. ಕೆಲಸವೂ ಮಂದ. ಮೊದಲ ಸಲದವರು ಮೊಟ್ಟೆ ಚಿಪ್ಪಿನಿಂದಲೇ ಶುರು ಮಾಡಿ.

ಲಕ್ಷಣ: ಮೂರು ಗಂಟೆಯಾದರೂ ಗ್ಲಿಸರಿನ್ ಇಳಿದಿಲ್ಲ

ಕಲಕುವುದು ನಿಲ್ಲಿಸಿ ಗಾಜಿನ ಬಾಟಲಿಗೆ ಅರ್ಧ ಲೀಟರ್ ತೆಗೆದು ಒಂದು ಗಂಟೆ ಬಿಡಿ. ಮೇಲೆ ಮೆಥನಾಲ್, ನಡುವೆ ಎಣ್ಣೆ, ತಳದಲ್ಲಿ ಬಿಳಿ ಪುಡಿ ಎಂದು ಬೇರ್ಪಟ್ಟರೆ ಕ್ರಿಯೆ ಶುರುವೇ ಆಗಿಲ್ಲ. ಈ ಬ್ಯಾಚ್ ಕೆಟ್ಟಿಲ್ಲ. ಬರೀ ನಿಂತಿದೆ, ಉಳಿಸಬಹುದು.

ಮೊದಲು ಬಟ್ಟಲಿನ ಪರೀಕ್ಷೆ. ಸುಣ್ಣ ಪಾಸಾದರೆ, ಯಂತ್ರ ನಿಲ್ಲಿಸಿ ತಣಿದ ಪಾತ್ರೆಯ ತಳವನ್ನು ಮರದ ಕೋಲಿನಿಂದ ತಡವಿ. ಕೆಸರಿನಂತೆ ಪುಡಿ ಕೂತಿದ್ದರೆ ಕಲಕುವಿಕೆ ಸಾಲದು. ಇಲ್ಲಿ ಎಣ್ಣೆ, ಮೆಥನಾಲ್, ಪುಡಿ ಮೂರೂ ಒಂದಕ್ಕೊಂದು ಸೇರದವು; ಪುಡಿ ತೇಲುತ್ತಲೇ ಇರಬೇಕು. ಬ್ಲೇಡು ತಳದಿಂದ ಅದರ ವ್ಯಾಸದ ಮೂರನೇ ಒಂದರಷ್ಟು ಎತ್ತರದಲ್ಲಿ, 400ರಿಂದ 600 ಆರ್‌ಪಿಎಂ ತಿರುಗಲಿ. ಪುಡಿ ರವೆಯಷ್ಟು ದಪ್ಪವಿದ್ದರೂ ಇದೇ ಲಕ್ಷಣ. ಸುಡುವ ಮೊದಲೇ ಅರೆದು 150 ಮೈಕ್ರಾನ್ ಜರಡಿಯಲ್ಲಿ ಹಿಡಿಯಿರಿ. ಆ ಮಿಕ್ಸಿ ಮತ್ತೆ ಚಟ್ನಿಗೆ ಹೋಗಬಾರದು.

ಮೂರನೆಯದು ಮೆಥನಾಲ್ ಹಾರಿಹೋಗಿರುವುದು. ಮೆಥನಾಲ್ ಕುದಿಯುವುದು 64.7 ಡಿಗ್ರಿಗೆ, ಪುಣೆಯ ಎತ್ತರದಲ್ಲಿ 63ರ ಹತ್ತಿರ. ಥರ್ಮಾಮೀಟರ್ 3 ಡಿಗ್ರಿ ತಪ್ಪು ತೋರಿಸಿದರೂ ಸಾಕು. ಕುದಿದ ಆವಿಯನ್ನು ಹಿಡಿದು ಇಳಿಸುವ ಕಂಡೆನ್ಸರಿಗೆ ತಾರಸಿ ಟಾಕಿಯ ನೀರು ಬಿಡುವುದು ರೂಢಿ. ಏಪ್ರಿಲ್ ಮಧ್ಯಾಹ್ನ ಆ ನೀರನ್ನೇ ಸ್ನಾನಕ್ಕೆ ಬಳಸಬಹುದು, ಅಷ್ಟು ಬಿಸಿ. ಆವಿ ಅದಕ್ಕೆ ಜಗ್ಗದೆ ಹೊರಗೆ ಹೋಗುತ್ತದೆ. ಕಂಡೆನ್ಸರಿನ ಬಾಯಲ್ಲಿ ಮೆಥನಾಲಿನ ವಾಸನೆ ಬಂದರೆ ತಕ್ಷಣ ಹೀಟರ್ ಆರಿಸಿ, ಬಾಗಿಲು ತೆರೆಯಿರಿ. ಫ್ಯಾನಿನ ಸ್ವಿಚ್ಚು ಮುಟ್ಟಬೇಡಿ. ಬಕೆಟ್ಟಿನಲ್ಲಿ ಮಂಜುಗಡ್ಡೆ ಹಾಕಿ ಸಣ್ಣ ಪಂಪಿನಿಂದ ನೀರು ಸುತ್ತಿಸಿದರೆ ಈ ತೊಂದರೆ ಇಲ್ಲ. ಆ ಪಂಪು ಗೋಡೆಯಾಚೆ ಇರಲಿ.

ಎಲ್ಲವೂ ಸರಿ ಇದ್ದೂ ಮೊದಲ ಅರ್ಧ ಗಂಟೆ ಏನೂ ನಡೆಯದಿದ್ದರೆ ಗಾಬರಿ ಬೇಡ. ಸುಣ್ಣದ ಮೈಮೇಲೆ ಕ್ರಿಯೆ ನಡೆಸುವ ಕ್ಯಾಲ್ಸಿಯಂ ಮೆಥಾಕ್ಸೈಡ್ ಹುಟ್ಟಲು ಹೊತ್ತು ಬೇಕು. ತಣ್ಣನೆಯ ಸುಣ್ಣವನ್ನು ಮೊದಲೇ ಮೆಥನಾಲಿನಲ್ಲಿ 20-30 ನಿಮಿಷ ಕಲಕಿಟ್ಟು ಆಮೇಲೆ ಎಣ್ಣೆಗೆ ಸೇರಿಸಿದರೆ ಈ ಕಾಯುವಿಕೆ ತಪ್ಪುತ್ತದೆ. ಹಳೆಯ ಒಳ್ಳೆಯ ಬ್ಯಾಚಿನ ಒಂದು ಲೀಟರ್ ಬಯೋಡೀಸೆಲ್ ಸುರಿದರೆ ಎಣ್ಣೆ-ಮೆಥನಾಲ್ ಬೇಗ ಬೆರೆಯುತ್ತವೆ.

ಲಕ್ಷಣ: ಪಾತ್ರೆಯಲ್ಲಿ ಗಂಜಿಯಂತೆ ಗಟ್ಟಿಯಾಗಿದೆ, ಪದರ ಒಡೆಯುತ್ತಿಲ್ಲ

ಇದು ಸಾಬೂನು. ಅದೂ ಸುಣ್ಣದ ಸಾಬೂನು. ನೀರಲ್ಲಿ ಕರಗದು, ಕೈಗೆ ಮೇಣದಂತೆ ಅಂಟುತ್ತದೆ. ಗಡಸು ನೀರಲ್ಲಿ ಬಟ್ಟೆ ಒಗೆದಾಗ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಜಿಡ್ಡು ಇದೇ ವಸ್ತು. ಕಾರಣ ಎರಡೇ: ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ (ಕರಿದು ಕರಿದು ಎಣ್ಣೆ ಒಡೆದಾಗ ಹುಟ್ಟುವ ಆಮ್ಲ) ಜಾಸ್ತಿ, ಅಥವಾ ನೀರು ಜಾಸ್ತಿ. ಸಾಮಾನ್ಯವಾಗಿ ಎರಡೂ.

ನೀರಿನದು ಮೊದಲು, ಅದು ಪುಕ್ಕಟೆ. ಒಣ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ನಾಲ್ಕು ಹನಿ ಎಣ್ಣೆ ಬಿಡಿ. ಚಟಪಟ ಎಂದರೆ ನೀರಿದೆ. ವಡೆ, ಬೋಂಡಾ, ಗೋಳಿಬಜೆ ಕರಿದ ಎಣ್ಣೆಯ ತಳದಲ್ಲಿ ಹಿಟ್ಟಿನ ಕರಕಲು ಇರುತ್ತದೆ, ಅದರೊಳಗೆ ನೀರೂ ಇರುತ್ತದೆ. ಎಣ್ಣೆಯನ್ನು 50 ಡಿಗ್ರಿಗೆ ಬಿಸಿ ಮಾಡಿ ಒಂದು ದಿನ ತಿಳಿಯಾಗಲು ಬಿಟ್ಟು, ಮೇಲಿನದನ್ನಷ್ಟೇ ಬಟ್ಟೆಯಲ್ಲಿ ಸೋಸಿ, 110 ಡಿಗ್ರಿಯಲ್ಲಿ ಕಲಕುತ್ತ ಸದ್ದು ನಿಲ್ಲುವವರೆಗೆ ಕಾಯಿಸಿ. ಪಾತ್ರೆ ಅರ್ಧಕ್ಕಿಂತ ತುಂಬಿರಬಾರದು. ತಳದ ನೀರು ಒಮ್ಮೆಲೇ ಆವಿಯಾದರೆ ಎಣ್ಣೆ ಉಕ್ಕಿ ಮೈಮೇಲೆ ಬರುತ್ತದೆ. ಮೆಥನಾಲ್ ಸೇರಿಸುವ ಮೊದಲು ಎಣ್ಣೆ 55 ಡಿಗ್ರಿಗೆ ಇಳಿದಿರಲೇಬೇಕು.

ಆಮೇಲೆ ಆಮ್ಲದ ಅಳತೆ. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ ಸರಿಯಾಗಿ 1 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. ಬೇರೆ ಲೋಟದಲ್ಲಿ 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಎರಡು ಹನಿ ಫಿನಾಲ್ಫ್ಥಲೀನ್ (ಬಣ್ಣ ಬದಲಿಸಿ ತೋರಿಸುವ ಸೂಚಕ) ಹಾಕಿ, ಅದಕ್ಕೆ 1 ಗ್ರಾಂ ಎಣ್ಣೆ ಬೆರೆಸಿ. ಸಿರಿಂಜಿನಿಂದ ಸೋಡಾ ನೀರನ್ನು ಹನಿಹನಿಯಾಗಿ ಬಿಡುತ್ತ ಹೋಗಿ. ತೆಳು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಮುಗಿಯಿತು. ಎಣ್ಣೆಯಿಲ್ಲದೆ ಒಮ್ಮೆ ಮಾಡಿ ಬಂದ ಅಳತೆಯನ್ನು ಕಳೆಯಿರಿ. ಉಳಿದ ಒಂದೊಂದು ಮಿ.ಲೀ. ಎಂದರೆ ಶೇ. 0.7ರಷ್ಟು ಬಿಡಿ ಕೊಬ್ಬಿನಾಮ್ಲ.

ಒಂದೂವರೆ ಮಿ.ಲೀ. ಒಳಗಿದ್ದರೆ ಸುಣ್ಣ ತಡೆಯುತ್ತದೆ. ಮೂರು ನಾಲ್ಕು ಮಿ.ಲೀ. ಬಂದರೆ ಆ ಎಣ್ಣೆಯನ್ನು ಎರಡು ಮೂರು ಪಾಲು ಒಳ್ಳೆಯ ಎಣ್ಣೆಗೆ ಬೆರೆಸಿ ಸರಾಸರಿ ಇಳಿಸಿ. ಇದು ಅಗ್ಗದ ದಾರಿ, ಸುರಕ್ಷಿತವೂ ಹೌದು. ಅದಕ್ಕಿಂತ ಮೇಲಾದರೆ ಗಂಧಕಾಮ್ಲ ಮತ್ತು ಮೆಥನಾಲಿನಿಂದ ಮೊದಲು ಆಮ್ಲವನ್ನು ಎಸ್ಟರ್, ಅಂದರೆ ಬಯೋಡೀಸೆಲ್ ಮಾಡಿಕೊಳ್ಳುವ ಪದ್ಧತಿ ಇದೆ: ಎಣ್ಣೆಯ ತೂಕದ ಶೇ. 1ರಷ್ಟು ಗಂಧಕಾಮ್ಲ, 60 ಡಿಗ್ರಿ, ಒಂದೆರಡು ಗಂಟೆ. ಇಲ್ಲಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಉಳಿದ ಗಂಧಕಾಮ್ಲವನ್ನು ಪೂರ್ತಿ ತೊಳೆದು ಎಣ್ಣೆ ಒಣಗಿಸದೆ ಸುಣ್ಣ ಹಾಕಿದರೆ, ಸುಣ್ಣ ಜಿಪ್ಸಮ್ ಆಗಿ ಕೂರುತ್ತದೆ. ಚಿಪ್ಪು ಸುಟ್ಟ ಕರೆಂಟು ದಂಡ. ಗಂಧಕಾಮ್ಲ ಹಿಡಿದು ಅಭ್ಯಾಸವಿಲ್ಲದವರು ಇಲ್ಲಿ ಕೈ ಹಾಕಬೇಡಿ, ರಸಾಯನಶಾಸ್ತ್ರ ಓದಿದವರನ್ನು ಜೊತೆಗಿಟ್ಟುಕೊಳ್ಳಿ. ಏಳು ಮಿ.ಲೀ. ದಾಟಿದ ಎಣ್ಣೆಯ ಮೇಲೆ ಹಣ ಸುರಿಯುವುದೇ ಬೇಡ, ಅಧಿಕೃತ ಸಂಗ್ರಹಕಾರರಿಗೆ ಕೊಟ್ಟುಬಿಡಿ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಶುರುಮಾಡಿದ ‘ರೂಕೊ’ ಯೋಜನೆಯ ವ್ಯವಸ್ಥೆ ಅದಕ್ಕಾಗಿಯೇ ಇದೆ.

ಈಗಾಗಲೇ ಗಂಜಿಯಾದ ಪಾತ್ರೆಗೆ ಇನ್ನಷ್ಟು ಸುಣ್ಣ ಸುರಿಯುವುದು ಎಲ್ಲರೂ ಮಾಡುವ ತಪ್ಪು. ಸಾಬೂನು ಹೆಚ್ಚುತ್ತದೆ ಅಷ್ಟೇ. 55 ಡಿಗ್ರಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಒಡೆದರೆ ಮೇಲಿನದನ್ನು ಎಣ್ಣೆ ಎಂದೇ ಲೆಕ್ಕ ಹಿಡಿದು ಮತ್ತೆ ಅಳೆಯಿರಿ. ಒಡೆಯದಿದ್ದರೆ ಬ್ಯಾಚ್ ಕೈಬಿಡಿ. ಅದರಲ್ಲಿ ಮೆಥನಾಲ್ ಇನ್ನೂ ಇದೆ, ಗಟಾರಕ್ಕೆ ಸುರಿಯುವಂತಿಲ್ಲ.

ಲಕ್ಷಣ: ಪದರ ಚೆನ್ನಾಗಿ ಒಡೆದಿದೆ, ಆದರೆ ಮೆಥನಾಲ್ ಪರೀಕ್ಷೆಯಲ್ಲಿ ಹನಿ ಕೂರುತ್ತದೆ

27 ಮಿ.ಲೀ. ಮೆಥನಾಲಿಗೆ 3 ಮಿ.ಲೀ. ಬಯೋಡೀಸೆಲ್ ಹಾಕಿ ಕುಲುಕಿ. ಒಳ್ಳೆಯದಾದರೆ ಪೂರ್ತಿ ಕರಗುತ್ತದೆ. ತಳದಲ್ಲಿ ಎಣ್ಣೆಯ ಹನಿ ಉಳಿದರೆ ಬದಲಾಗದ ಎಣ್ಣೆ ಇನ್ನೂ ಇದೆ. ಈ ಪರೀಕ್ಷೆ 20-22 ಡಿಗ್ರಿಗೆ ಹೊಂದಿಸಿದ್ದು. ಮುಂಬೈಯ 32 ಡಿಗ್ರಿಯಲ್ಲಿ ಕೆಟ್ಟದ್ದೂ ಕರಗಿ ಪಾಸಾಗುತ್ತದೆ. ಬಾಟಲಿಯನ್ನು ತಣ್ಣೀರಲ್ಲಿ ಹತ್ತು ನಿಮಿಷ ಇಟ್ಟು ನೋಡಿ.

ಫೇಲಾದರೆ ಗ್ಲಿಸರಿನ್ ತೆಗೆದು, ಹೊಸದಾಗಿ ಸುಟ್ಟ ಸುಣ್ಣ ಶೇ. 1-2, ಮೆಥನಾಲ್ ಒಂದೂವರೆ ಲೀಟರ್ ಹಾಕಿ ಮತ್ತೊಂದು ಗಂಟೆ ನಡೆಸಿ. ಇದು ಪದೇ ಪದೇ ಆಗುತ್ತಿದ್ದರೆ ಮರುಬಳಕೆಯ ಮೆಥನಾಲನ್ನು ಅನುಮಾನಿಸಿ. 9ರ ಲೆಕ್ಕದಲ್ಲಿ ಹಾಕಿದ ಮೆಥನಾಲಿನ ಮೂರನೇ ಎರಡು ಪಾಲು ಖರ್ಚಾಗದೇ ಉಳಿಯುತ್ತದೆ. ಅದನ್ನು ಭಟ್ಟಿ ಇಳಿಸಿ ವಾಪಸು ಪಡೆಯದಿದ್ದರೆ ಈ ಇಡೀ ವ್ಯವಹಾರಕ್ಕೆ ಪರಿಸರಸ್ನೇಹಿ ಎಂಬ ಹೆಸರು ಒಪ್ಪುವುದಿಲ್ಲ. ಆದರೆ ವಾಪಸು ಬಂದದ್ದರಲ್ಲಿ ನೀರು ಸೇರಿರುತ್ತದೆ. ಹೈಡ್ರೋಮೀಟರಿನಲ್ಲಿ ಶುದ್ಧ ಮೆಥನಾಲ್ 20 ಡಿಗ್ರಿಯಲ್ಲಿ 0.792 ತೋರಿಸಬೇಕು, 30 ಡಿಗ್ರಿಯಲ್ಲಿ 0.782. ಅದಕ್ಕಿಂತ 0.01 ಏರಿದ್ದರೂ ಆ ಮೆಥನಾಲ್ ಸುಣ್ಣದ ಜೊತೆಗೆ ಬೇಡ.

ಇನ್ನೊಂದು ಕಳ್ಳಗಿಂಡಿ: ಸುಣ್ಣ ಸೋಸುವ ಮೊದಲೇ ಅದೇ ಪಾತ್ರೆಯಲ್ಲಿ ಮೆಥನಾಲ್ ಭಟ್ಟಿ ಇಳಿಸುವುದು. ಮೆಥನಾಲ್ ಕಡಿಮೆಯಾದಂತೆ ಕ್ರಿಯೆ ಹಿಂದಕ್ಕೆ ನಡೆಯುತ್ತದೆ, ಆದ ಬಯೋಡೀಸೆಲ್ ಗ್ಲಿಸರಿನ್ ಜೊತೆ ಸೇರಿ ಮತ್ತೆ ಅರೆ-ಎಣ್ಣೆಯಾಗುತ್ತದೆ. ಮೊದಲು ಸೋಸಿ, ಗ್ಲಿಸರಿನ್ ಬೇರ್ಪಡಿಸಿ, ಆಮೇಲೆ ಭಟ್ಟಿ.

ಲಕ್ಷಣ: ಬಯೋಡೀಸೆಲ್ ಮಂಜಾಗಿದೆ

ಒಂದು ಲೋಟ ತೆಗೆದು 40 ಡಿಗ್ರಿಗೆ ಬಿಸಿ ಮಾಡಿ. ತಿಳಿಯಾದರೆ ಅದು ಚಳಿ, ದೋಷವಲ್ಲ. ಹೋಟೆಲಿನ ಎಣ್ಣೆ ಬಹುತೇಕ ಪಾಮೋಲಿನ್. ತಾಳೆಎಣ್ಣೆಯ ಬಯೋಡೀಸೆಲ್ 13-16 ಡಿಗ್ರಿಯಲ್ಲೇ ಮಸುಕಾಗುತ್ತದೆ. ಮುಂಬೈ, ಗೋವೆಯಲ್ಲಿ ಇದು ಅಪರೂಪ. ಪುಣೆಯ ಜನವರಿ ಬೆಳಗಿನಲ್ಲಿ ಮಾಮೂಲು. ಅಲ್ಲಿ ಚಳಿಗಾಲಕ್ಕೆ ಡೀಸೆಲಿನಲ್ಲಿ ಸ್ವಲ್ಪವಷ್ಟೇ ಬೆರೆಸಿ ಬಳಸಿ.

ಬಿಸಿಗೂ ಹೋಗದ ಮಂಜು ಎರಡು ದಿನದಲ್ಲಿ ತಳಕ್ಕಿಳಿದು ಬಿಳಿ ನಯ ಪುಡಿಯಾದರೆ ಅದು ಸುಣ್ಣದ ದೂಳು. ಅತಿ ನಯವಾಗಿ ಅರೆದಿದ್ದೀರಿ. ಮೊದಲು ಬಟ್ಟೆ, ಆಮೇಲೆ 10, 5, 1 ಮೈಕ್ರಾನ್ ಫಿಲ್ಟರಿನಲ್ಲಿ ಕ್ರಮವಾಗಿ ಸೋಸಿ. ಇಳಿಯದೇ ಉಳಿದರೆ ನೀರು. 105 ಡಿಗ್ರಿಯಲ್ಲಿ ಒಣಗಿಸಿ. ಒಣಗಿಸುವ ಮುನ್ನ ಮೆಥನಾಲ್ ಪೂರ್ತಿ ತೆಗೆದಿರಬೇಕು.

ಲಕ್ಷಣ: ತೊಳೆಯುವಾಗ ಮಜ್ಜಿಗೆಯಂತಾಗುತ್ತದೆ

ಬಾಟಲಿಯಲ್ಲಿ ಅರ್ಧ ಬಯೋಡೀಸೆಲ್, ಅರ್ಧ ನೀರು ಹಾಕಿ ಹತ್ತು ಸೆಕೆಂಡು ಜೋರಾಗಿ ಕುಲುಕಿ. ಹತ್ತು ಹದಿನೈದು ನಿಮಿಷದಲ್ಲಿ ಬೇರ್ಪಟ್ಟರೆ ಸರಿ. ನಡುವೆ ಕೆನೆಯಂಥ ದಪ್ಪ ಪದರ ನಿಂತರೆ ಸುಣ್ಣದ ಸಾಬೂನು, ಇಲ್ಲವೇ ಅರೆಬೆಂದ ಎಣ್ಣೆ. ಮೇಲಿನ ಮೆಥನಾಲ್ ಪರೀಕ್ಷೆ ಪಾಸಾಗಿದ್ದರೆ ಸಾಬೂನೇ.

ಸುಣ್ಣ ಕರಗುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮೆಥನಾಲ್-ಗ್ಲಿಸರಿನ್ನಿನಲ್ಲಿ ಸ್ವಲ್ಪ ಕರಗಿ ಇಂಧನಕ್ಕೂ ಸೇರುತ್ತದೆ. ಯುರೋಪಿನ ಇಎನ್ 14214 ಮಾನದಂಡದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ ಕೆ.ಜಿ.ಗೆ 5 ಮಿ.ಗ್ರಾಂ. ಮೀರುವಂತಿಲ್ಲ. ಬರೀ ನೀರಿನ ತೊಳೆತಕ್ಕೆ ಅಷ್ಟು ಇಳಿಯುವುದು ಕಷ್ಟ. ಕಿರಾಣಿ ಅಂಗಡಿಯಲ್ಲಿ ಲಿಂಬೂ ಸತ್ವ ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಲೀಟರ್ ನೀರಿಗೆ 10 ಗ್ರಾಂ ಕರಗಿಸಿ, ಬಯೋಡೀಸೆಲಿನ ಹತ್ತನೇ ಒಂದರಷ್ಟು ಸೇರಿಸಿ, 50 ಡಿಗ್ರಿಯಲ್ಲಿ ಮೆಲ್ಲಗೆ ತಿರುವಿ. ಸಾಬೂನು ಒಡೆದು ಕ್ಯಾಲ್ಸಿಯಂ ನೀರಿನ ಕಡೆ ಇಳಿಯುತ್ತದೆ, ಒಂದಿಷ್ಟು ಬಿಳಿ ಪುಡಿಯಾಗಿಯೂ ಕಾಣಬಹುದು. ಆದರೆ ಸಾಬೂನು ಒಡೆದಾಗ ಹುಟ್ಟುವುದು ಮತ್ತದೇ ಕೊಬ್ಬಿನಾಮ್ಲ. ಆಮ್ಲಾಂಕ (ಒಂದು ಗ್ರಾಂ ಇಂಧನದ ಆಮ್ಲವನ್ನು ತಣಿಸಲು ಬೇಕಾಗುವ ಕಾಸ್ಟಿಕ್ ಪೊಟ್ಯಾಶ್, ಮಿ.ಗ್ರಾಂ.ನಲ್ಲಿ) 0.5 ದಾಟಿದೆಯೇ ಎಂದು ತೊಳೆದ ಮೇಲೆ ಅಳೆಯಿರಿ. ಹಿಂದಿನ ಸೋಡಾ ನೀರಿನಲ್ಲಿ 10 ಗ್ರಾಂ ಬಯೋಡೀಸೆಲ್‌ಗೆ ಮೂರೂವರೆ ಮಿ.ಲೀ. ಮೀರಿದರೆ ದಾಟಿದಂತೆ.

ಲಕ್ಷಣ: ಮೊದಲ ಸಲ ಚೆನ್ನ, ಮೂರನೇ ಸಲ ಮಂಕು

ಮರುಬಳಸಿದ ಪುಡಿಯ ಮೈಗೆ ಗ್ಲಿಸರಿನ್ ಮತ್ತು ಸಾಬೂನು ಲೇಪವಾಗಿ ಕೂತಿರುತ್ತದೆ, ಒಂದಿಷ್ಟು ಕರಗಿಯೂ ಹೋಗಿರುತ್ತದೆ. ಮೂರು ನಾಲ್ಕು ಸಲಕ್ಕೆ ಇಳುವರಿ ಕುಗ್ಗುವುದು ಸಹಜ. ಮೆಥನಾಲಿನಲ್ಲಿ ತೊಳೆದು, ಹೊರಗೆ ಗಾಳಿಯಲ್ಲಿ ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ, ಆಮೇಲೆ 850 ಡಿಗ್ರಿಯಲ್ಲಿ ಸುಡಿ. ಮೆಥನಾಲ್ ಹಸಿಯಿರುವ ಪುಡಿಯನ್ನು ಫರ್ನೇಸಿಗೆ ಇಡುವುದೆಂದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಸ್ಫೋಟವನ್ನು ಕರೆದಂತೆ. ಬಾಗಿಲು ಹಾರಿಬಂದು ಮುಖಕ್ಕೆ ಹೊಡೆಯುತ್ತದೆ. ಪ್ರತಿ ಸಲ ಶೇ. 10-20 ಹೊಸ ಸುಣ್ಣ ಬೆರೆಸಿ. ಫರ್ನೇಸನ್ನು ಒಂದು ಹಿಡಿ ಪುಡಿಗೆ ಹಚ್ಚಬೇಡಿ, ತುಂಬಿಸಿಯೇ ಸುಡಿ. 730 ಗ್ರಾಂ ಸುಣ್ಣ ಮಾಡುವಾಗ ಚಿಪ್ಪಿನಿಂದಲೇ 570 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಕರೆಂಟಿನದು ಬೇರೆ.

ಲಕ್ಷಣ: ಜನರೇಟರಿನ ಫಿಲ್ಟರ್ ಕಟ್ಟಿಕೊಳ್ಳುತ್ತದೆ

ಹಳೆಯ ಟ್ಯಾಂಕಿಗೆ ಮೊದಲ ಸಲ ಹಾಕಿದ್ದರೆ ಕಪ್ಪು ಕೆಸರು ಬರುತ್ತದೆ: ಬಯೋಡೀಸೆಲ್ ಟ್ಯಾಂಕಿನ ಹಳೆ ಜಿಡ್ಡನ್ನು ಕರಗಿಸಿ ತರುತ್ತದೆ. ಎರಡು ಫಿಲ್ಟರ್ ಬದಲಿಸಿದರೆ ಮುಗಿಯಿತು. ಫಿಲ್ಟರಿನಲ್ಲಿ ಬಿಳಿ ಮೇಣ ಸಿಕ್ಕರೆ ಮಾತ್ರ ಎಂಜಿನ್ ನಿಲ್ಲಿಸಿ. ಅದು ಸುಣ್ಣದ ಸಾಬೂನು, ಇಂಜೆಕ್ಟರಿಗೆ ಹೋದರೆ ರಿಪೇರಿ ಖರ್ಚು ಉಳಿಸಿದ ಡೀಸೆಲಿಗಿಂತ ಹೆಚ್ಚು. ರಬ್ಬರ್ ಪೈಪು ಉಬ್ಬಿ ಜಿನುಗುತ್ತಿದ್ದರೆ ಬಯೋಡೀಸೆಲ್ ತಡೆಯುವ ವೈಟನ್ ಪೈಪಿಗೆ ಬದಲಿಸಿ.

ಬಿಳಿ ಮೇಣ ಎರಡನೇ ಸಲ ಕಂಡರೆ ಮನೆ ಪರೀಕ್ಷೆಗಳು ಸಾಲವು. ಒಂದು ಲೀಟರ್ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಎನ್‌ಎಬಿಎಲ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಪಡೆದ ಲ್ಯಾಬಿಗೆ ಕೊಟ್ಟು, ಭಾರತೀಯ ಮಾನಕ ಐಎಸ್ 15607ರ ಪಟ್ಟಿಯಲ್ಲಿ ಕ್ಯಾಲ್ಸಿಯಂ-ಮೆಗ್ನೀಸಿಯಂ, ಆಮ್ಲಾಂಕ, ನೀರು, ಒಟ್ಟು ಗ್ಲಿಸರಿನ್, ಫ್ಲ್ಯಾಶ್ ಪಾಯಿಂಟ್ (ಆವಿ ಕಿಡಿಗೆ ಹೊತ್ತಿಕೊಳ್ಳುವ ಅತಿ ಕಡಿಮೆ ಕಾವು) ಇಷ್ಟನ್ನಾದರೂ ಮಾಡಿಸಿ. ಫ್ಲ್ಯಾಶ್ ಪಾಯಿಂಟ್ 100 ಡಿಗ್ರಿಗಿಂತ ಕೆಳಗೆ ಬಂದರೆ ಮೆಥನಾಲ್ ಉಳಿದಿದೆ ಎಂದರ್ಥ. ಆ ಡ್ರಮ್ಮನ್ನು ಅಂದೇ ಜನರೇಟರಿನ ಕೋಣೆಯಿಂದ ಹೊರಗೆ ಸಾಗಿಸಿ. ಬಾಟಲಿಯ ಚೀಟಿಯಲ್ಲಿ ಎಣ್ಣೆ ಯಾವ ಹೋಟೆಲಿನದು, ಸುಣ್ಣ ಸುಟ್ಟ ತಾರೀಖು, ಸುಟ್ಟಾಗಿನ ತೂಕ, ಪಾತ್ರೆಗೆ ಹಾಕುವಾಗಿನ ತೂಕ ನಾಲ್ಕೂ ಬರೆದಿರಲಿ.